ಉಪವಾಸದ ಮನೆಯಲ್ಲಿ ಇ-ಸಿಗರೇಟು

ಅನಂತ ಚತುರ್ದಶಿಯ ದಿವಸ ಕುದೇರಿನ ಕಡೆಯ ಒಂದು ಮನೆಯಲ್ಲಿ ನಡೆದ ಸಣ್ಣ ಸಂವಾದವೇ ಈ ಲೇಖನಕ್ಕೆ ಕಾರಣವಾಯಿತು. ಆ ಮನೆಯ ಹಿರಿಯ ಶ್ರಾವಿಕೆ ದಶಲಕ್ಷಣ ಪರ್ವದ ದಿನಗಳಲ್ಲಿ ಏಕಭುಕ್ತವನ್ನು ನಡೆಸಿ, ಕೊನೆಯ ದಿನ ಉಪವಾಸವನ್ನು ಕೈಗೊಂಡಿದ್ದರು. ಮೈಸೂರಿನಲ್ಲಿ ಓದುತ್ತಿರುವ ಮೊಮ್ಮಗನೂ ಅಂದು ಅಜ್ಜಿಯೊಡನೆ ಉಪವಾಸದ ನಿಯಮವನ್ನು ತೆಗೆದುಕೊಂಡಿದ್ದನು. ಬಸದಿಯಲ್ಲಿ ಅಭಿಷೇಕವನ್ನು ನೋಡಿಕೊಂಡು ಬಂದ ಮೇಲೆ, ಮಧ್ಯಾಹ್ನದ ಹೊತ್ತಿನಲ್ಲಿ ಹಿತ್ತಿಲಿನ ಕಡೆ ನಿಂತು ಅವನು ಲೇಖನಿಯಂತಹ ಒಂದು ವಸ್ತುವನ್ನು ತುಟಿಗಿಟ್ಟು ಸೇದಿ, ಬಿಳಿಯ ಮೋಡವನ್ನು ಹೊರಬಿಡುತ್ತಿದ್ದುದು ಅಜ್ಜಿಯ ಕಣ್ಣಿಗೆ ಬಿದ್ದಿತು.

"ಏನೋ ಮಗು ಅದು? ಉಪವಾಸದ ದಿನ ಬಾಯಿಗಿಟ್ಟುಕೊಂಡಿದ್ದೀಯಲ್ಲ!"

"ಬೀಡಿ ಸಿಗರೇಟು ಅಲ್ಲ ಅಜ್ಜಿ ಇದು, ಬರೀ ಆವಿ. ಮಾವಿನಹಣ್ಣಿನ ವಾಸನೆ ಬರುತ್ತೆ ನೋಡು. ಹೊಟ್ಟೆಗೆ ಏನೂ ಹೋಗೋದಿಲ್ಲ. ಉಪವಾಸ ಹೇಗೆ ಕೆಡುತ್ತೆ?"

ಆ ಉತ್ತರಕ್ಕೆ ಆಕೆಯ ಬಳಿ ಮರುಮಾತು ಇರಲಿಲ್ಲ. ವಾರದೊಳಗೆ ಹುಡುಗನಿಗೆ ನೆಗಡಿ, ಜ್ವರ, ಕೆಮ್ಮು ಹತ್ತಿತು. ಅವನಿಂದ ಮನೆಮಂದಿಗೆಲ್ಲ ಹರಡಿತು. ಉಳಿದವರು ನಾಲ್ಕೈದು ದಿನಗಳಲ್ಲಿ ಚೇತರಿಸಿಕೊಂಡರು. ಇಪ್ಪತ್ತು ವರ್ಷದ ಆ ಹುಡುಗನ ಕೆಮ್ಮು ಮಾತ್ರ ತಿಂಗಳಾದರೂ ಬಿಡಲಿಲ್ಲ. ಅಜ್ಜಿಗೆ ಅದು ಎದೆಗಿಳಿದು, ಚಾಮರಾಜನಗರದಲ್ಲಿ ಒಂದು ವಾರ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಬೇಕಾಯಿತು. ನೋಡಲು ಹೋದಾಗ ಆಕೆ ತನ್ನ ಆರೋಗ್ಯದ ಮಾತನ್ನೇ ಎತ್ತಲಿಲ್ಲ. "ಅವನು ಹೇಳಿದ್ದು ನಿಜವೇ? ಅದು ಬರೀ ಆವಿಯೇ? ಅವನ ವ್ರತ ಉಳಿಯಿತೇ?" ಎಂದಷ್ಟೇ ಕೇಳಿದರು.

ಆ ಜ್ವರಕ್ಕೂ ಆ ಯಂತ್ರಕ್ಕೂ ಸಂಬಂಧವಿತ್ತೆಂದು ನಾನು ಹೇಳಲಾರೆ. ಒಂದು ಮನೆಯ ಒಂದು ಜ್ವರದಿಂದ ಏನನ್ನೂ ಸಿದ್ಧಪಡಿಸಲಾಗದು. ಭಾದ್ರಪದದಲ್ಲಿ ನೆಗಡಿ ಜ್ವರಗಳು ಇ-ಸಿಗರೇಟಿನ ಹೆಸರನ್ನೇ ಕೇಳದ ಮನೆಗಳಿಗೂ ಬರುತ್ತವೆ. ಆದರೆ ಆಕೆಯ ಪ್ರಶ್ನೆಗಳು ಇಂದು ಅನೇಕ ಶ್ರಾವಕರ ಮನೆಗಳಲ್ಲಿ ಕೇಳಬೇಕಾದವು. ವ್ರತದ ಪ್ರಶ್ನೆಗೆ ಉತ್ತರವು ಆವಿಯ ಪ್ರಶ್ನೆಯನ್ನು ಅವಲಂಬಿಸಿರುವುದರಿಂದ ಮೊದಲು ಆ ವಸ್ತುವೇನೆಂಬುದನ್ನು ವಿಚಾರಿಸೋಣ.

ಇ-ಸಿಗರೇಟು, ವೇಪ್, ವೇಪ್ ಪೆನ್ ಎಂದು ನಾನಾ ಹೆಸರಿನಿಂದ ಕರೆಯಲ್ಪಡುವ ಈ ಸಾಧನವು ಈಗಿನ ರೂಪದಲ್ಲಿ ೨೦೦೩ರ ಸುಮಾರಿಗೆ ಚೀನಾ ದೇಶದ ಹಾನ್ ಲಿಕ್ ಎಂಬ ಔಷಧತಜ್ಞನಿಂದ ಬಳಕೆಗೆ ಬಂದಿತು. ಒಳಗೆ ಒಂದು ಬ್ಯಾಟರಿ, ಕಾಯುವ ತಂತಿಯ ಸುರುಳಿ, ಒಂದಿಷ್ಟು ದ್ರವ. ಎಳೆದಾಗ ಸುರುಳಿ ಕಾದು ದ್ರವವು ಮೋಡವಾಗಿ ಬಾಯಿಗೆ ಬರುತ್ತದೆ. ಆ ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಬಹುಮಟ್ಟಿಗೆ ನಿಕೋಟಿನ್, ಮತ್ತು ಹಣ್ಣು, ಪುದೀನ, ದಾಲ್ಚಿನ್ನಿ ಮುಂತಾದವುಗಳ ವಾಸನೆಯನ್ನು ಕೊಡುವ ರಾಸಾಯನಿಕಗಳು ಇರುತ್ತವೆ.

ಇದನ್ನು ಆವಿಯೆಂದು ಕರೆಯುವುದರಲ್ಲಿಯೇ ಮೊದಲ ತಪ್ಪು ಇದೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಏಳುವುದು ನೀರಿನ ಆವಿ. ಇಲ್ಲಿ ಏಳುವುದಾದರೋ ಎಣ್ಣೆಯಂತೆ ಜಿಗುಟಾದ ದ್ರವದ ಅತಿ ಸೂಕ್ಷ್ಮ ಹನಿಗಳ ತುಂತುರು. ಅದರೊಡನೆ ಕಾದ ತಂತಿಯಿಂದ ಬಿಡುಗಡೆಯಾದ ನಿಕಲ್, ಕ್ರೋಮಿಯಂ, ಸೀಸಗಳಂತಹ ಲೋಹದ ಕಣಗಳೂ, ದ್ರವವು ಅತಿಯಾಗಿ ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್ ಮುಂತಾದ ವಸ್ತುಗಳೂ ಕಂಡುಬಂದಿವೆ. ಸೌದೆಯ ಹೊಗೆಯಲ್ಲಿರುವ ಮಸಿ, ಟಾರು ಇದರಲ್ಲಿ ಇಲ್ಲವೆಂಬುದು ನಿಜ. ಸಿಗರೇಟಿನ ಹೊಗೆಯಲ್ಲಿರುವ ಅನೇಕ ವಿಷಗಳು ಇದರಲ್ಲಿ ಕಡಿಮೆಯೆಂಬುದೂ ನಿಜ. ಇದನ್ನು ಒಪ್ಪಿಕೊಳ್ಳದೆ ಮಾತನಾಡಿದರೆ ಓದಿದ ಮಕ್ಕಳು ನಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಆದರೆ ಸಿಗರೇಟಿನೊಡನೆ ಹೋಲಿಸಿ ಕಡಿಮೆಯೆನ್ನುವುದು ಬೇರೆ, ಏನೂ ಇಲ್ಲವೆನ್ನುವುದು ಬೇರೆ. ಎಂದೂ ಬೀಡಿ ಮುಟ್ಟದ ಮನೆಯ ಹುಡುಗನು ಹೋಲಿಸಬೇಕಾದುದು ಶುದ್ಧ ಗಾಳಿಯೊಡನೆ.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಗ್ಲಿಸರಿನ್ ಸಸ್ಯದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಕಳ್ಳದಾರಿಯಲ್ಲಿ ಬಂದ ಸೀಸೆಯಲ್ಲಿ ಯಾವುದಿದೆಯೆಂದು ಯಾರು ಬಲ್ಲರು? ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ ಹಸಿರು ಗುರುತನ್ನು ನೋಡಿಯೇ ಕೊಳ್ಳುವ ನಮ್ಮ ಮನೆಗಳಲ್ಲಿ ಇದನ್ನು ಯಾರೂ ಕೇಳದಿರುವುದು ಆಶ್ಚರ್ಯ.

ಇನ್ನು ದೇಹದ ಕಡೆಗೆ ಬರೋಣ. ನೀರನ್ನು ಸೋಸದೆ ಕುಡಿಯಬಾರದೆಂಬುದು ನಮ್ಮ ಮನೆಗಳಲ್ಲಿ ಮಗುವಿಗೂ ತಿಳಿದ ನಿಯಮ. ದೇಹವೂ ಗಾಳಿಯನ್ನು ಸೋಸದೆ ಒಳಗೆ ಬಿಡುವುದಿಲ್ಲ. ಮೂಗಿನಿಂದ ಹಿಡಿದು ಶ್ವಾಸನಾಳದ ಕವಲುಗಳವರೆಗೆ ಒಳಪದರದ ಮೇಲೆ ತೆಳುವಾದ ಶ್ಲೇಷ್ಮವು ಹಾಸಿರುತ್ತದೆ. ಧೂಳೂ ರೋಗಾಣುಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಅದರ ಕೆಳಗೆ ಕಣ್ಣಿಗೆ ಕಾಣದ ರೋಮಗಳಂತಹ ಕೋಟ್ಯಂತರ ಎಳೆಗಳು, ಗಾಳಿಗೆ ತೂಗುವ ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ ಬಾಗಿ ಬಾಗಿ, ಆ ಶ್ಲೇಷ್ಮವನ್ನು ಗಂಟಲಿನ ಕಡೆಗೆ ಹಗಲಿರುಳೂ ತಳ್ಳುತ್ತಿರುತ್ತವೆ. ಇದನ್ನೂ ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ತಲುಪಿದ ರೋಗಾಣುವನ್ನು ಅಲ್ಲಿ ಕಾವಲಿರುವ ಭಕ್ಷಕ ಕೋಶಗಳು ಹಿಡಿದು ನುಂಗುತ್ತವೆ. ವೈರಸ್ಸಿನ ವಿಷಯದಲ್ಲಿ ಇನ್ನೊಂದು ರಕ್ಷೆಯೂ ಉಂಟು: ಸೋಂಕು ತಗುಲಿದ ಕೋಶವು ನೆರೆಯ ಕೋಶಗಳಿಗೆ ರಾಸಾಯನಿಕ ಸಂದೇಶವನ್ನು ಕಳುಹಿಸಿ ಎಚ್ಚರಿಸುತ್ತದೆ.

ಇ-ಸಿಗರೇಟಿನ ತುಂತುರು ಈ ಮೂರು ಕಡೆಯಲ್ಲಿಯೂ ಕೈಯಿಡುತ್ತದೆ. ನಿಕೋಟಿನ್ ಒಳಪದರದ ತೇವವನ್ನು ಕುಗ್ಗಿಸಿ ಶ್ಲೇಷ್ಮವನ್ನು ಗಟ್ಟಿಮಾಡುತ್ತದೆ. ಗಟ್ಟಿಯಾದ ಶ್ಲೇಷ್ಮವನ್ನು ಎಳೆಗಳು ತಳ್ಳಲಾರವು. ದಾಲ್ಚಿನ್ನಿಯ ವಾಸನೆಗಾಗಿ ಸೇರಿಸುವ ಸಿನಮಾಲ್ಡಿಹೈಡ್ ಎಂಬ ವಸ್ತುವು ಈ ಎಳೆಗಳ ಚಲನೆಯನ್ನೇ ಮಂದಗೊಳಿಸುವುದನ್ನು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. ಪಾಯಸಕ್ಕೆ ಹಾಕಿದರೆ ಹೊಟ್ಟೆಗೆ ನಿರುಪದ್ರವಿಯಾದ ವಾಸನೆಯ ವಸ್ತು ಕಾಯಿಸಿ ಎದೆಗೆಳೆದಾಗಲೂ ಹಾಗೆಯೇ ಇರುವುದೆಂಬ ನಂಬಿಕೆ ಸಲ್ಲದು. ಜಠರಕ್ಕಿರುವ ಶಕ್ತಿ ಗಾಳಿಗೂಡಿಗೆ ಇಲ್ಲ.

ಪ್ರಯೋಗಗಳ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. ಅಮೆರಿಕೆಯ ಡೆನ್ವರ್ ನಗರದ ಸಂಶೋಧಕರು ೨೦೧೪ರಲ್ಲಿ ತರುಣರ ಶ್ವಾಸನಾಳದ ಕೋಶಗಳನ್ನು ಬೆಳೆಸಿ, ಅವುಗಳಿಗೆ ಇ-ಸಿಗರೇಟಿನ ದ್ರವವನ್ನು ಸೋಕಿಸಿದ ಮೇಲೆ ಸಾಮಾನ್ಯ ನೆಗಡಿಯನ್ನು ತರುವ ರೈನೊವೈರಸ್ಸನ್ನು ಬಿಟ್ಟು ನೋಡಿದರು. ದ್ರವ ಸೋಕಿದ ಕೋಶಗಳಲ್ಲಿ ವೈರಸ್ಸಿನ ಪ್ರಮಾಣ ಹೆಚ್ಚಿತು; ರಕ್ಷಣೆಗೆ ಒದಗುವ ಒಂದು ಪ್ರೋಟೀನು ಕುಗ್ಗಿತು. ಮರುವರ್ಷ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು ಎರಡು ವಾರ ಈ ತುಂತುರನ್ನು ಉಸಿರಾಡಿದ ಇಲಿಗಳಿಗೆ ಇನ್‌ಫ್ಲುಯೆಂಜಾ ತಗುಲಿದಾಗ, ಶುದ್ಧ ಗಾಳಿಯಲ್ಲಿದ್ದ ಇಲಿಗಳಿಗಿಂತ ಅವು ಹೆಚ್ಚು ನರಳಿದುದನ್ನೂ ಹೆಚ್ಚಾಗಿ ಸತ್ತುದನ್ನೂ ವರದಿ ಮಾಡಿದರು. ಇಲಿಗಳ ಮೇಲಿನ ಇಂತಹ ಪ್ರಯೋಗಗಳನ್ನು ಅಹಿಂಸಾಧರ್ಮದ ಪತ್ರಿಕೆಯಲ್ಲಿ ಬರೆಯುವಾಗ ಲೇಖನಿ ತಡೆಯುತ್ತದೆ. ಮನುಷ್ಯನು ತನ್ನ ವಿನೋದಕ್ಕಾಗಿ ಒಂದು ವಸ್ತುವನ್ನು ಸೃಷ್ಟಿಸಿದಾಗ ಅದರ ದೋಷವನ್ನು ಅರಿಯಲು ಮೂಕಪ್ರಾಣಿಗಳು ಸಾಯಬೇಕಾಗುವುದೂ ಆ ವಿನೋದದ ಲೆಕ್ಕಕ್ಕೇ ಸೇರಬೇಕಾದ ಹಿಂಸೆಯೆಂದು ನನ್ನ ಅಭಿಪ್ರಾಯ.

ಮನುಷ್ಯರ ಮೂಗಿನಿಂದಲೇ ದೊರೆತ ಸಾಕ್ಷ್ಯವೂ ಇದೆ. ೨೦೧೬ರಲ್ಲಿ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ಸಿಗರೇಟು ಸೇದುವವರು, ಇ-ಸಿಗರೇಟು ಸೇದುವವರು, ಎರಡನ್ನೂ ಸೇದದವರು, ಈ ಮೂರು ಗುಂಪಿನವರ ಮೂಗಿನ ಒಳಪದರದ ಕೋಶಗಳನ್ನು ಪರೀಕ್ಷಿಸಿದರು. ರೋಗನಿರೋಧಕ್ಕೆ ಸಂಬಂಧಿಸಿದ ಜೀನುಗಳಲ್ಲಿ ಸಿಗರೇಟಿನವರಲ್ಲಿ ೫೩ ಕುಂಠಿತವಾಗಿದ್ದವು. ಇ-ಸಿಗರೇಟಿನವರಲ್ಲಿ ಆ ೫೩ರ ಜೊತೆಗೆ ಇನ್ನೂ ಅನೇಕ ಸೇರಿ ಒಟ್ಟು ೩೫೮ ಕುಂಠಿತವಾಗಿದ್ದವು. ಜೀನಿನ ಕೆಲಸ ಕುಗ್ಗಿದ ಮಾತ್ರಕ್ಕೆ ಆ ಮನುಷ್ಯನಿಗೆ ಜ್ವರ ಬಂದೇ ಬರುವುದೆಂದು ಅರ್ಥವಲ್ಲ. ಆದರೂ ಹೊಗೆಯಿಲ್ಲದ್ದು ಮೂಗನ್ನು ತಟ್ಟುವುದಿಲ್ಲ ಎಂಬ ವಾದ ಇಲ್ಲಿಗೆ ನಿಲ್ಲುತ್ತದೆ.

"ನಿಕೋಟಿನ್ ಇಲ್ಲದ್ದನ್ನು ಸೇದಿದರೆ ಆಯಿತಲ್ಲ" ಎನ್ನುವ ಹುಡುಗರೂ ಉಂಟು. ಅವರಿಗೆ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನವರು ೨೦೧೯ರಲ್ಲಿ ಪ್ರಕಟಿಸಿದ ಕೆಲಸವೇ ಉತ್ತರ. ನಾಲ್ಕು ತಿಂಗಳು ನಡೆದ ಆ ಪ್ರಯೋಗದಲ್ಲಿ ನಿಕೋಟಿನ್ ಇಲ್ಲದ, ಕೇವಲ ಗ್ಲೈಕಾಲ್ ಮತ್ತು ಗ್ಲಿಸರಿನ್ನಿನ ತುಂತುರನ್ನು ಉಸಿರಾಡಿದ ಇಲಿಗಳಲ್ಲಿಯೂ ಗಾಳಿಗೂಡಿನ ಭಕ್ಷಕ ಕೋಶಗಳು ಕೊಬ್ಬಿನಂಶದಿಂದ ತುಂಬಿಹೋಗಿದ್ದವು. ಇನ್‌ಫ್ಲುಯೆಂಜಾ ತಗುಲಿದಾಗ ಆ ಶ್ವಾಸಕೋಶಗಳು ಸರಿಯಾಗಿ ಎದುರಿಸಲಾರದೆ ಹೋದವು. ಹೊಟ್ಟೆ ಬಿರಿಯ ಉಂಡ ಕಾವಲುಗಾರನು ಕಳ್ಳನ ಹಿಂದೆ ಓಡಲಾರನಷ್ಟೆ!

ಇದೇ ಪ್ರೊಪಿಲೀನ್ ಗ್ಲೈಕಾಲ್ ಒಂದು ಕಾಲದಲ್ಲಿ ವೈರಸ್ಸಿನ ಶತ್ರುವೆಂದು ಹೆಸರು ಪಡೆದಿತ್ತು ಎಂಬುದು ವಿಚಿತ್ರ. ೧೯೪೦ರ ದಶಕದ ಆರಂಭದಲ್ಲಿ ಶಿಕಾಗೊ ನಗರದ ರಾಬರ್ಟ್‌ಸನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಕೊಠಡಿಯ ಗಾಳಿಗೆ ಇದರ ಆವಿಯನ್ನು ಬಿಟ್ಟರೆ ಗಾಳಿಯಲ್ಲಿ ತೇಲುವ ರೋಗಾಣುಗಳೂ ಇನ್‌ಫ್ಲುಯೆಂಜಾದ ವೈರಸ್ಸೂ ಸಾಯುತ್ತವೆಂದು ತೋರಿಸಿದ್ದರು. ಈ ಹಳೆಯ ಪ್ರಯೋಗವನ್ನು ಹಿಡಿದುಕೊಂಡು ಇ-ಸಿಗರೇಟು ಸೋಂಕನ್ನು ತಡೆಯುತ್ತದೆಂದು ವಾದಿಸುವವರಿದ್ದಾರೆ. ಕೊಠಡಿಯ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಹರಡಿದ್ದು ಒಂದು. ಅದನ್ನೇ ಕಾಯಿಸಿ, ವಾಸನೆ ಬೆರೆಸಿ, ದಿನಕ್ಕೆ ನೂರು ಸಲ ನೇರವಾಗಿ ಎದೆಗೆ ಎಳೆದುಕೊಳ್ಳುವುದು ಮತ್ತೊಂದು. ನೆಲವನ್ನು ಒರೆಸುವ ಫಿನಾಯಿಲಿನಿಂದ ಯಾರೂ ಬಾಯಿ ಮುಕ್ಕಳಿಸುವುದಿಲ್ಲ.

ಕೋವಿಡ್ ಕಾಲದ ವಿಚಾರವನ್ನು ಇಲ್ಲಿ ಹೇಳದೆ ಇರಲಾಗದು. ರಾಜ್ಯದ ಉಳಿದ ಜಿಲ್ಲೆಗಳಲ್ಲೆಲ್ಲ ಸೋಂಕು ಕಾಣಿಸಿಕೊಂಡ ಮೇಲೂ ೨೦೨೦ರ ಜೂನ್ ತಿಂಗಳ ಆರಂಭದವರೆಗೆ ಚಾಮರಾಜನಗರ ಜಿಲ್ಲೆ ಅದರಿಂದ ಮುಕ್ತವಾಗಿ ಉಳಿದಿತ್ತು. ಆಗ ನಾವೆಲ್ಲ ಹೆಮ್ಮೆಪಟ್ಟೆವು. ಮರುವರ್ಷ, ೨೦೨೧ರ ಮೇ ೨ರ ರಾತ್ರಿಯಿಂದ ೩ರ ಬೆಳಗಿನವರೆಗೆ, ಆಮ್ಲಜನಕದ ಕೊರತೆಯ ಆ ಕರಾಳ ಹೊತ್ತಿನಲ್ಲಿ ಜಿಲ್ಲಾಸ್ಪತ್ರೆಯಲ್ಲಿ ೨೪ ಜನ ರೋಗಿಗಳು ಪ್ರಾಣಬಿಟ್ಟರು. ಆ ಮರಣಗಳಿಗೂ ಈ ಚಟಕ್ಕೂ ಯಾವ ಸಂಬಂಧವನ್ನೂ ನಾನು ಕಟ್ಟುತ್ತಿಲ್ಲ. ಉಸಿರಿನ ಬೆಲೆಯನ್ನು ಈ ಜಿಲ್ಲೆಯ ಜನರಿಗೆ ಬೇರೆಯವರು ಬಂದು ಹೇಳಿಕೊಡಬೇಕಾಗಿಲ್ಲವೆಂಬುದಕ್ಕಾಗಿ ನೆನೆದೆ.

ಆ ವರ್ಷಗಳಲ್ಲಿ ನಡೆದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದುದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ್ದು. ೨೦೨೦ರ ಮೇ ತಿಂಗಳಲ್ಲಿ ಅಮೆರಿಕೆಯ ೧೩ರಿಂದ ೨೪ ವಯಸ್ಸಿನ ೪,೩೫೧ ಮಂದಿಯನ್ನು ಅವರು ಪ್ರಶ್ನಿಸಿದರು. ಎಂದಾದರೂ ಇ-ಸಿಗರೇಟು ಬಳಸಿದವರಲ್ಲಿ ಕೋವಿಡ್ ಪತ್ತೆಯಾಗುವ ಸಂಭವ ಬಳಸದವರಿಗಿಂತ ಐದು ಪಟ್ಟು ಎಂದೂ, ಹಿಂದಿನ ೩೦ ದಿನಗಳಲ್ಲಿ ಸಿಗರೇಟು ಮತ್ತು ಇ-ಸಿಗರೇಟು ಎರಡನ್ನೂ ಸೇದಿದವರಲ್ಲಿ ಸುಮಾರು ಏಳು ಪಟ್ಟು ಎಂದೂ ಕಂಡುಬಂದಿತು. ಈ ಐದು ಪಟ್ಟನ್ನು ಭಿತ್ತಿಪತ್ರದಲ್ಲಿ ಬರೆದು ಹೆದರಿಸುವುದು ಸುಲಭ. ಆದರೆ ಅದು ಪರೀಕ್ಷೆಯಲ್ಲ, ಕೇಳಿ ಬರೆದುಕೊಂಡ ಸಮೀಕ್ಷೆ. ಗುಂಪುಗೂಡಿ ಸೇದುವವರು ಗುಂಪಿನಲ್ಲಿಯೇ ಸೋಂಕನ್ನು ಪಡೆದಿರಬಹುದು. ೨೦೨೧ರಲ್ಲಿ ಮೇಯೊ ಕ್ಲಿನಿಕ್ಕಿನವರು ತಮ್ಮ ರೋಗಿಗಳ ದಾಖಲೆಗಳನ್ನು ನೋಡಿದಾಗ ಇ-ಸಿಗರೇಟಿಗೂ ಕೋವಿಡ್ ಪತ್ತೆಯಾಗುವುದಕ್ಕೂ ಅಂತಹ ಸಂಬಂಧವೇ ಕಾಣಲಿಲ್ಲ. ಆದರೆ ಮರುವರ್ಷ ಅಲ್ಲಿಂದಲೇ ಬಂದ ಇನ್ನೊಂದು ಅಧ್ಯಯನದಲ್ಲಿ, ಸೋಂಕು ತಗುಲಿದವರ ಪೈಕಿ ಇ-ಸಿಗರೇಟು ಸೇದುವವರಿಗೆ ಎದೆನೋವು, ಎದೆ ಬಿಗಿತ ಮುಂತಾದ ಲಕ್ಷಣಗಳು ಸೇದದವರಿಗಿಂತ ಹೆಚ್ಚಾಗಿದ್ದವು.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ನನಗೆ ತೋರುವುದಿಷ್ಟು. ಇ-ಸಿಗರೇಟು ಸೇದುವವನಿಗೆ ವೈರಸ್ಸು ಎಷ್ಟು ಪಟ್ಟು ಹೆಚ್ಚಾಗಿ ತಗಲುತ್ತದೆಂದು ಯಾರೂ ಲೆಕ್ಕಹಾಕಿ ಹೇಳುವಂತಿಲ್ಲ. ತಗುಲಿದ ಮೇಲೆ ಎದುರಿಸುವ ಶಕ್ತಿಯನ್ನು ಅವನು ತಾನಾಗಿ ಕಡಿಮೆ ಮಾಡಿಕೊಂಡಿರುತ್ತಾನೆಂಬುದಕ್ಕೆ ಮಾತ್ರ ಕೋಶಗಳಿಂದ, ಪ್ರಾಣಿಗಳಿಂದ, ಮನುಷ್ಯರಿಂದ ಒಂದೇ ದಿಕ್ಕಿನ ಸಾಕ್ಷ್ಯ ಬಂದಿದೆ.

ರೋಗದ ಗುರುತಿನಲ್ಲಿಯೂ ಒಂದು ತೊಡಕುಂಟು. ೨೦೧೯ರಲ್ಲಿ ಅಮೆರಿಕೆಯಲ್ಲಿ ಕೆಮ್ಮು, ಜ್ವರ, ಏದುಸಿರುಗಳಿಂದ ತರುಣರು ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ನೋಡಿದರೆ ಸೋಂಕಿನ ನ್ಯುಮೋನಿಯಾದಂತೆಯೇ ಇತ್ತು. ಪರೀಕ್ಷೆಯಲ್ಲಿ ರೋಗಾಣು ಸಿಗಲಿಲ್ಲ. ೨೦೨೦ರ ಫೆಬ್ರವರಿಯವರೆಗೆ ೨,೮೦೭ ಪ್ರಕರಣಗಳೂ ೬೮ ಮರಣಗಳೂ ಲೆಕ್ಕಕ್ಕೆ ಬಂದವು. ಬಹುಪಾಲು ಪ್ರಕರಣಗಳಲ್ಲಿ ಗಾಂಜಾದ ಸಾರವನ್ನು ತುಂಬಿದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂತಹ ವಸ್ತುವೇ ಕಾರಣವೆಂದು ತಿಳಿದುಬಂದಿತು. ಆದುದರಿಂದ ಜ್ವರ ಕೆಮ್ಮುಗಳೊಡನೆ ವೈದ್ಯರಲ್ಲಿಗೆ ಹೋದಾಗ ಸೇದುವ ವಿಷಯವನ್ನು ಮುಚ್ಚಿಡಬಾರದು. ತಂದೆ ಪಕ್ಕದಲ್ಲಿ ನಿಂತಿದ್ದರೆ ಹುಡುಗನು ಹೇಳುವುದಿಲ್ಲ. ತಂದೆಯಾದವನು ಐದು ನಿಮಿಷ ಹೊರಗೆ ಹೋಗಿ ನಿಲ್ಲುವುದು ಒಳ್ಳೆಯದು.

ಕಾನೂನಿನ ಮಾತು ಚಿಕ್ಕದು. ಕರ್ನಾಟಕ ಸರ್ಕಾರವು ೨೦೧೬ರ ಜೂನ್ ತಿಂಗಳಲ್ಲಿಯೇ ಇ-ಸಿಗರೇಟನ್ನು ನಿಷೇಧಿಸಿತು. ಕೇಂದ್ರ ಸರ್ಕಾರವು ೨೦೧೯ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆಯನ್ನೂ ಡಿಸೆಂಬರಿನಲ್ಲಿ ಕಾಯಿದೆಯನ್ನೂ ತಂದಿತು. ತಯಾರಿಕೆ, ಆಮದು, ಸಾಗಾಟ, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರಾಟದ ಮೊದಲ ಅಪರಾಧಕ್ಕೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಸೇದುವವನಿಗೆ ಕಾಯಿದೆಯು ಶಿಕ್ಷೆಯನ್ನು ಹೇಳಿಲ್ಲ. ಹುಡುಗರು ಇದನ್ನೇ ಹಿಡಿದುಕೊಂಡು "ಸೇದುವುದು ತಪ್ಪಲ್ಲ" ಎನ್ನುತ್ತಾರೆ. ಮಾರುವುದೇ ಅಪರಾಧವಾದ ವಸ್ತುವನ್ನು ಕೊಳ್ಳುವಾಗ ಅಚೌರ್ಯಾಣುವ್ರತದ ಅತಿಚಾರಗಳನ್ನು ಒಮ್ಮೆ ನೆನೆಯಬೇಕು.

ಈಗ ವ್ರತದ ಪ್ರಶ್ನೆ. ಹೊಟ್ಟೆಗೆ ಏನೂ ಹೋಗದಿದ್ದರೆ ಉಪವಾಸ ಉಳಿಯುವುದೇ?

ಉಪವಾಸವೆಂದರೆ ಚತುರ್ವಿಧ ಆಹಾರದ ತ್ಯಾಗ. ಆದರೆ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಷ್ಟಕ್ಕೆ ನಿಲ್ಲಿಸಲಿಲ್ಲ. ಉಪವಾಸದ ದಿನ ಪಂಚಪಾಪಗಳನ್ನು, ಅಲಂಕಾರವನ್ನು, ಆರಂಭವನ್ನು, ಗಂಧ ಪುಷ್ಪಗಳನ್ನು, ಸ್ನಾನವನ್ನು, ಕಣ್ಣಿನ ಅಂಜನವನ್ನು, ಕಡೆಗೆ ನಸ್ಯವನ್ನೂ ಬಿಡಬೇಕೆಂದು ಎಣಿಸಿದ್ದಾರೆ. ನಸ್ಯವೆಂದರೆ ಮೂಗಿನಿಂದ ಒಳಗೆ ತೆಗೆದುಕೊಳ್ಳುವ ವಸ್ತು. ಅದು ಹೊಟ್ಟೆಗೆ ಹೋಗುವ ಆಹಾರವಲ್ಲ. ಆದರೂ ಬಿಡಬೇಕಾದವುಗಳ ಪಟ್ಟಿಯಲ್ಲಿದೆ. ಹೊಗೆಸೊಪ್ಪು ಭಾರತಕ್ಕೆ ಕಾಲಿಡುವುದಕ್ಕೆ ಎಷ್ಟೋ ಶತಮಾನಗಳ ಹಿಂದೆಯೇ ಈ ಮಾತು ಬರೆಯಲ್ಪಟ್ಟಿತೆಂಬುದನ್ನು ಗಮನಿಸಬೇಕು. ಹುಡುಗನ ಯಂತ್ರದಲ್ಲಿ ಗಂಧವೂ ಇದೆ, ಎಳೆದುಕೊಳ್ಳುವ ದ್ರವ್ಯವೂ ಇದೆ.

ಇದಕ್ಕಿಂತಲೂ ಆಳವಾಗಿ ಹೋದವರು ಪೂಜ್ಯಪಾದರು. ನಮ್ಮ ಮಲೆಯೂರಿನ ಕನಕಗಿರಿಯ ಸ್ಥಳಪರಂಪರೆಯಲ್ಲಿ ಅವರ ನೆನಪು ಇಂದಿಗೂ ಉಳಿದಿದೆ. ಸರ್ವಾರ್ಥಸಿದ್ಧಿಯಲ್ಲಿ ಅವರು ಉಪವಾಸ ಶಬ್ದವನ್ನು ಬಿಡಿಸುವಾಗ ಅನ್ನದಿಂದ ಆರಂಭಿಸುವುದಿಲ್ಲ. ಶಬ್ದ ಮೊದಲಾದ ವಿಷಯಗಳಲ್ಲಿ ಉತ್ಸುಕತೆಯನ್ನು ತೊರೆದು ಐದು ಇಂದ್ರಿಯಗಳೂ ಎಲ್ಲಿ ಬಂದು ನೆಲಸುವವೋ ಅದು ಉಪವಾಸ ಎಂಬ ಅರ್ಥದ ವಿವರಣೆ ಅವರದು. ಈ ಅಳತೆಗೋಲಿನಲ್ಲಿ ನೋಡಿದರೆ ಮಾವಿನ ವಾಸನೆಗಾಗಿ ಅರ್ಧ ಗಂಟೆಗೊಮ್ಮೆ ಹಿತ್ತಿಲಿಗೆ ಹೋಗುವ ಮೂಗು ನಾಲಗೆಗಳು ಎಲ್ಲಿ ಬಂದು ನೆಲಸಿದುವು? ಅಜ್ಜಿಗೆ ನಾನು ಹೇಳಿದ ಉತ್ತರ ಇದೇ: ಹಸಿವನ್ನು ತಡೆದುದು ಉಂಟು, ಉಪವಾಸವಾದುದಿಲ್ಲ.

ಆಕೆ ಒಂದು ಮಾತನ್ನು ಸೇರಿಸಿದರು. "ಅವರ ತಾತ ನಶ್ಯ ಹಾಕುತ್ತಿದ್ದರು. ಪರ್ವದಲ್ಲಿಯೂ ಬಿಡುತ್ತಿರಲಿಲ್ಲ. ಯಾರೂ ಕೇಳಲಿಲ್ಲ." ಎಲೆಯಡಿಕೆಯೊಡನೆ ಹೊಗೆಸೊಪ್ಪು, ಬೆರಳ ತುದಿಯಲ್ಲಿ ನಶ್ಯ, ಜಗಲಿಯ ಮೇಲೆ ಬೀಡಿ: ಇವನ್ನು ಕಂಡೂ ಕಾಣದಂತಿದ್ದ ಹಿರಿಯರು ಇಂದು ಹುಡುಗನ ಕೈಯ ಯಂತ್ರವನ್ನು ಮಾತ್ರ ದೂಷಿಸಿದರೆ ಅವನು ಒಪ್ಪುವುದು ಕಷ್ಟ. ಮನೆಯ ಹಿರಿಯರು ತಮ್ಮ ಡಬ್ಬಿಯನ್ನು ಮೊದಲು ಕೆಳಗಿಡಲಿ.

ದಶಲಕ್ಷಣ ಪರ್ವವು ಮಳೆಗಾಲದಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಇನ್‌ಫ್ಲುಯೆಂಜಾ ಏರುವ ಎರಡು ಕಾಲಗಳಲ್ಲಿ ಅದು ಒಂದು. ಜನವರಿಯಿಂದ ಮಾರ್ಚಿಯವರೆಗಿನ ಇನ್ನೊಂದು ಕಾಲಕ್ಕೆ ಫಾಲ್ಗುಣದ ಅಷ್ಟಾಹ್ನಿಕವು ಹತ್ತಿರ. ಪಟ್ಟಣಗಳಿಂದ ಮಕ್ಕಳು ಊರಿಗೆ ಬರುವುದೂ, ಬಸದಿಯಲ್ಲಿ ಮಗ್ಗುಲು ತಗಲುವಂತೆ ಕುಳಿತು ಪೂಜೆಯಲ್ಲಿ ಪಾಲುಗೊಳ್ಳುವುದೂ, ಅರವತ್ತು ಎಪ್ಪತ್ತು ದಾಟಿದವರು ನೀರನ್ನೂ ತೊರೆದು ಉಪವಾಸವಿರುವುದೂ ಇದೇ ದಿನಗಳಲ್ಲಿ. ಒಂದು ವೇಪ್ ಪೆನ್ನು ನಾಲ್ವರು ಗೆಳೆಯರ ಬಾಯಿಯಿಂದ ಬಾಯಿಗೆ ಹೋಗುವುದುಂಟು; ಒಬ್ಬನ ಎಂಜಲಿನೊಡನೆ ಅವನ ನೆಗಡಿಯೂ ಹೋಗುತ್ತದೆ. ಎಂಜಲಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಮನೆಯ ಮಗನು ಇದನ್ನು ಹೇಗೆ ಸಹಿಸುತ್ತಾನೋ! ಕೆಮ್ಮು ತಿಂಗಳುಗಟ್ಟಲೆ ಉಳಿದವನು ತನ್ನ ಅಪಾಯವನ್ನಷ್ಟೇ ಹೊತ್ತು ತಿರುಗುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಜ್ವರ ಕೆಮ್ಮು ಇದ್ದಾಗ ಅವರು ಬಸದಿಗೆ ಹೋಗದೆ ಮನೆಯಲ್ಲಿಯೇ ಜಪಮಾಡುವುದೂ, ವೃದ್ಧರು ವೈದ್ಯರ ಸಲಹೆಯಂತೆ ಪ್ರತಿವರ್ಷ ಇನ್‌ಫ್ಲುಯೆಂಜಾ ಲಸಿಕೆಯನ್ನು ಹಾಕಿಸಿಕೊಳ್ಳುವುದೂ ಯುಕ್ತ. ಜ್ವರ ಬಂದವರು ಹಟಹಿಡಿದು ನಿರ್ಜಲ ಉಪವಾಸವನ್ನು ಮುಂದುವರಿಸಬಾರದು. ಷೋಡಶ ಭಾವನೆಗಳಲ್ಲಿ ತ್ಯಾಗ ತಪಗಳೆರಡಕ್ಕೂ ಶಕ್ತಿಯನ್ನು ಅನುಸರಿಸಿ ಎಂಬ ವಿಶೇಷಣವನ್ನು ಸೇರಿಸಿದ್ದು ಸುಮ್ಮನೆ ಅಲ್ಲ.

ಬಿಡುವುದು ಹೇಗೆ ಎಂಬುದೇ ಕಷ್ಟದ ಭಾಗ. ನಿಕೋಟಿನ್ನಿಗೆ ಒಗ್ಗಿದ ಮಿದುಳು ಅದು ಸಿಗದಿದ್ದಾಗ ಸಿಡುಕು, ತಲೆನೋವು, ನಿದ್ರಾಭಂಗ, ಚಡಪಡಿಕೆಗಳನ್ನು ಉಂಟುಮಾಡುತ್ತದೆ. ಮೊದಲ ವಾರ ಬಹಳ ಬಿರುಸು. ಉಪವಾಸದ ದಿನ "ತಲೆ ಸಿಡಿಯುತ್ತಿದೆ, ನನಗೆ ಉಪವಾಸ ಆಗಿಬರುವುದಿಲ್ಲ" ಎಂದು ಕೆಲವು ತರುಣರು ವ್ರತವನ್ನು ದೂರುತ್ತಾರೆ. ಆ ತಲೆನೋವು ಹಸಿವಿನದೋ ನಿಕೋಟಿನ್ನಿನದೋ ಎಂದು ಅವರು ತಮ್ಮನ್ನೇ ಕೇಳಿಕೊಳ್ಳಬೇಕು.

ಸಮಂತಭದ್ರರು ಭೋಗೋಪಭೋಗ ಪರಿಮಾಣ ವ್ರತದಲ್ಲಿ ತನಗೆ ಅನಿಷ್ಟವಾದುದನ್ನೂ ಸತ್ಪುರುಷರು ಸೇವಿಸತಕ್ಕದ್ದಲ್ಲದ್ದನ್ನೂ ಬಿಡಬೇಕೆಂದು ಹೇಳಿ, ಅದರ ಬೆನ್ನಿಗೇ ತ್ಯಾಗದಲ್ಲಿ ಎರಡು ಬಗೆಯನ್ನು ತೋರಿಸುತ್ತಾರೆ. ಕಾಲದ ಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ಚಟದಿಂದ ಬಿಡಿಸಿಕೊಳ್ಳುವವನಿಗೆ ಈ ವಿಭಾಗವು ಬಹಳ ಪ್ರಯೋಜನಕಾರಿ. ಇಂದೇ ಆಜೀವವೆಂದು ಪ್ರತಿಜ್ಞೆ ಮಾಡಿ ಮೂರನೆಯ ದಿನ ಮುರಿದರೆ ಮನಸ್ಸು ಕುಸಿಯುತ್ತದೆ. ಇಂದು ಸೂರ್ಯಾಸ್ತದವರೆಗೆ, ಬಳಿಕ ಮುಂದಿನ ಅಷ್ಟಮಿಯವರೆಗೆ, ಬಳಿಕ ಚತುರ್ದಶಿಯವರೆಗೆ ಎಂದು ನಿಯಮವನ್ನು ಬೆಳೆಸುವುದು ಸಾಧ್ಯ. ಆದರೆ ಆ ಅವಧಿಯೊಳಗೆ ಒಂದು ಎಳೆತವೂ ಕೂಡದು. ಜೊತೆಗೆ ಯಂತ್ರವನ್ನೂ ದ್ರವವನ್ನೂ ಮನೆಯಿಂದ ಹೊರಹಾಕಬೇಕು. ಮೆತ್ತಗೆ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡ ನಿಯಮ ನಿಲ್ಲುವುದಿಲ್ಲ. ಆ ದ್ರವವನ್ನು ಮಕ್ಕಳು ಕುಡಿದರೆ ಪ್ರಾಣಾಪಾಯವೆಂಬುದೂ ನೆನಪಿರಲಿ.

ವ್ರತದ ಬಲವೊಂದೇ ಸಾಲದೆ ಹೋದರೆ ವೈದ್ಯರ ನೆರವನ್ನು ಪಡೆಯುವುದರಲ್ಲಿ ಲಜ್ಜೆಯಿಲ್ಲ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ದೂರವಾಣಿ ಸಂಖ್ಯೆ ೧೮೦೦-೧೧-೨೩೫೬, ಕರೆಗೆ ಹಣವಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದರ ಕೇಂದ್ರವಿದ್ದು ಕನ್ನಡದಲ್ಲಿ ಮಾತನಾಡುವವರು ದೊರೆಯುತ್ತಾರೆ.

ಅಜ್ಜಿ ಮನೆಗೆ ಬಂದು ಪಥ್ಯದಲ್ಲಿದ್ದ ದಿನಗಳಲ್ಲಿ ಮೊಮ್ಮಗನು ಕಾಲೇಜಿನಿಂದ ಬಂದು ಒಂದು ವಾರ ಹತ್ತಿರವೇ ಇದ್ದನು. ಯಂತ್ರ ಎಲ್ಲಿ ಹೋಯಿತೆಂದು ಆಕೆ ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಹೊರಡುವ ದಿನ ಬೆಳಿಗ್ಗೆ ಬಸದಿಗೆ ಹೋಗಿ, ಕಾರ್ತಿಕದ ಅಷ್ಟಾಹ್ನಿಕ ಮುಗಿಯುವವರೆಗೆ ಒಂ��ು ನಿಯಮವನ್ನು ತೆಗೆದುಕೊಂಡು ಬಂದುದಾಗಿ ಅಜ್ಜಿಗೆ ತಿಳಿಸಿದನು. "ಯಾವುದರದು?" ಎಂದು ಆಕೆ ಕೇಳಿದ್ದಕ್ಕೆ, "ನಿನಗೆ ಗೊತ್ತಲ್ಲ ಅಜ್ಜಿ" ಎಂದನಂತೆ.